ಟೈರ್ ಗೇಜ್ ಕೊಳ್ಳುವ ಮುಂಚೆ: ಡಿಜಿಟಲ್ಲಾ, ಮುಳ್ಳಿನದಾ, ಸರಿಯಾದದ್ದನ್ನು ಆರಿಸುವ ಬಗೆ

ಒಂದೇ ಕಾರು, ಒಂದೇ ಟೈರು, ಒಂದೇ ದಿನ. ಬಂಕ್‌ನಲ್ಲಿ ಗಾಳಿಯ ಒತ್ತಡ 33 ಅಂದರು. ಪಂಕ್ಚರ್ ಅಂಗಡಿಯಲ್ಲಿ 30 ಅಂದರು. ಮನೆಗೆ ಬಂದು ಹೊಸ ಡಿಜಿಟಲ್ ಗೇಜ್ ಇಟ್ಟರೆ 35.5. ತುಮಕೂರಿನಲ್ಲಿ ನನ್ನ ಸುತ್ತ ಗಾಡಿ ಇಟ್ಟುಕೊಂಡಿರುವ ಯಾರನ್ನು ಕೇಳಿದರೂ ಇದೇ ಗೋಳು. ಕೊನೆಗೆ ಬೇಜಾರಾಗಿ ಇನ್ನೊಂದು ಗೇಜ್ ತರಿಸುತ್ತಾರೆ, ಅದು ನಾಲ್ಕನೇ ನಂಬರ್ ತೋರಿಸುತ್ತದೆ.

ತಪ್ಪು ಆಗುತ್ತಿರುವುದು ಕ್ರಮದಲ್ಲಿ. ಮೊದಲು ಗೇಜ್ ಕೊಳ್ಳುತ್ತಾರೆ, ಆಮೇಲೆ ತಮ್ಮ ಗಾಡಿಗೆ ಎಷ್ಟು ಗಾಳಿ ಬೇಕು ಅಂತ ಹುಡುಕುತ್ತಾರೆ, ತಂದ ಗೇಜ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುವುದೇ ಇಲ್ಲ. ಡಿಜಿಟಲ್ಲಾ ಮುಳ್ಳಿನದಾ ಅನ್ನುವುದು ಮೂರನೇ ಪ್ರಶ್ನೆ, ಮೊದಲನೆಯದಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ಗಾಡಿಯ ಜೊತೆ ಕೊಟ್ಟ ಪುಸ್ತಕ, ಪೆನ್ನು, ಒಂದು ಚೀಟಿ, ಒರೆಸುವ ಬಟ್ಟೆ, ಸ್ವಲ್ಪ ಸೋಪಿನ ನೀರು, ಒಂದು ಬಿಳಿ ಸ್ಟಿಕರ್. ಕಾಲಲ್ಲಿ ತುಳಿಯುವ ಪಂಪ್ ಅಥವಾ ಕಾರಿನ ಸಾಕೆಟ್‌ಗೆ ಹಾಕುವ ಸಣ್ಣ ಪಂಪ್ ಇದ್ದರೆ ತುಂಬಾ ಅನುಕೂಲ. ಯಾಕೆ ಅನ್ನುವುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ನಿಮ್ಮ ಗಾಡಿಯ ನಂಬರ್ ಬರೆದುಕೊಳ್ಳಿ

ಕಾರಾದರೆ ಡ್ರೈವರ್ ಬಾಗಿಲು ತೆಗೆದಾಗ ಕಾಣುವ ಚೌಕಟ್ಟಿನ ಮೇಲೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಸ್ಟಿಕರ್ ಇರುತ್ತದೆ. ಬೈಕಾದರೆ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಕಂಬಿ) ಮೇಲೆ ಹುಡುಕಿ, ಇಲ್ಲದಿದ್ದರೆ ಪುಸ್ತಕ ನೋಡಿ. ಮುಂದಿನ ಚಕ್ರ, ಹಿಂದಿನ ಚಕ್ರ, ಒಬ್ಬರೇ ಇದ್ದಾಗ ಎಷ್ಟು, ಹಿಂದೆ ಇನ್ನೊಬ್ಬರು ಕೂತಾಗ ಎಷ್ಟು, ನಾಲ್ಕನ್ನೂ ಬರೆದುಕೊಳ್ಳಿ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಂಬರ್ ನೋಡಬೇಡಿ. ಅದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ನಿಮ್ಮ ಗಾಡಿಗೆ ಬೇಕಾದದ್ದಲ್ಲ. ಅದನ್ನು ನೋಡಿ ಗಾಳಿ ಹೊಡೆಸಿಕೊಂಡು, ಗಾಡಿ ಕುಣಿಯುತ್ತದೆ ಅಂತ ಶಾಕ್ ಅಬ್ಸಾರ್ಬರ್ ಬದಲಾಯಿಸಲು ಹೊರಟವರನ್ನು ನೋಡಿದ್ದೇನೆ.

ಅಳತೆಯ ಹೆಸರಲ್ಲೂ ಗೊಂದಲ ಇದೆ. ನಾವೆಲ್ಲ ಬಾಯಲ್ಲಿ ಹೇಳುವುದು ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್), ಆದರೆ ಕೆಲವು ಸ್ಟಿಕರ್‌ನಲ್ಲಿ ಕಿಲೋಪ್ಯಾಸ್ಕಲ್, ಕೆಲವದರಲ್ಲಿ ಬಾರ್, ಬೈಕ್ ಪುಸ್ತಕಗಳಲ್ಲಿ ಒಂದು ಚದರ ಸೆಂಟಿಮೀಟರ್‌ಗೆ ಇಷ್ಟು ಕೆಜಿ ಅಂತ ಇರುತ್ತದೆ. 1 ಬಾರ್ ಅಂದರೆ 14.5 ಪಿಎಸ್‌ಐ. 100 ಕಿಲೋಪ್ಯಾಸ್ಕಲ್ ಅಂದರೂ ಅದೇ 14.5. ಕೆಜಿ ಲೆಕ್ಕದಲ್ಲಿ 1 ಅಂದರೆ 14.2. ಅಂದರೆ ಪುಸ್ತಕದಲ್ಲಿ 1.75 ಕೆಜಿ ಇದ್ದರೆ ಸುಮಾರು 25, 2 ಕೆಜಿ ಇದ್ದರೆ 28, 2.25 ಇದ್ದರೆ 32. ಪರಿವರ್ತನೆ ಮಾಡಿದ ನಂಬರನ್ನೇ ಚೀಟಿಯಲ್ಲಿ ಬರೆಯಿರಿ, ಅಂಗಡಿಯಲ್ಲಿ ನಿಂತು ಲೆಕ್ಕ ಹಾಕುವುದು ಬೇಡ.

## ಹಂತ 2: ಗೇಜಿನ ರೇಂಜ್ ಆರಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಗೇಜಿನ ಡಬ್ಬಿ ಮೇಲೆ "2 ಪರ್ಸೆಂಟ್ ನಿಖರತೆ" ಅಂತ ಇರುತ್ತದೆ. ನಾವು ಅಂದುಕೊಳ್ಳುವುದು, 30 ತೋರಿಸಿದರೆ 30ರಲ್ಲಿ 2 ಪರ್ಸೆಂಟ್, ಅಂದರೆ 0.6 ಆಚೀಚೆ ಆಗಬಹುದು ಅಂತ. ಆದರೆ ಮುಳ್ಳಿನ ಗೇಜುಗಳಲ್ಲಿ ಸಾಮಾನ್ಯವಾಗಿ ಆ 2 ಪರ್ಸೆಂಟ್ ಪೂರ್ತಿ ರೇಂಜಿನ ಲೆಕ್ಕ. 0ಯಿಂದ 60ರ ಗೇಜ್ ಆದರೆ 1.2 ಪಿಎಸ್‌ಐ ಆಚೀಚೆ. 150ರದ್ದಾದರೆ 3. 220ರದ್ದಾದರೆ 4.4. ನಿಮ್ಮ ಸ್ಕೂಟರಿನ ಮುಂದಿನ ಚಕ್ರಕ್ಕೆ ಬೇಕಿರುವುದು 22 ಅಂತ ಇಟ್ಟುಕೊಳ್ಳಿ. 220ರ ಗೇಜ್ 22 ತೋರಿಸುವಾಗ ಒಳಗೆ ನಿಜಕ್ಕೂ 18 ಇರಬಹುದು, 26 ಕೂಡ ಇರಬಹುದು. ಗೇಜಿನಲ್ಲಿ ತಪ್ಪೇನೂ ಇಲ್ಲ, ಅದು ತನ್ನ ಮಾತಿನಂತೆಯೇ ನಡೆದುಕೊಂಡಿದೆ. ಆರಿಸಿದವರದ್ದೇ ತಪ್ಪು. ನಾನೂ ಮೊದಲ ಸಲ ಇದನ್ನೇ ಮಾಡಿದೆ. "ಲಾರಿಗೂ ಆಗುತ್ತೆ, ಸ್ಕೂಟರ್‌ಗೂ ಆಗುತ್ತೆ" ಅಂದಾಗ ಒಂದೇ ದುಡ್ಡಿಗೆ ಎರಡು ಲಾಭ ಅಂದುಕೊಂಡಿದ್ದೆ.

ಇನ್ನೊಂದು ವಿಷಯ. ಮುಳ್ಳಿನ ಗೇಜ್ ಸಾಮಾನ್ಯವಾಗಿ ರೇಂಜಿನ ನಡುಭಾಗದಲ್ಲಿ ಚೆನ್ನಾಗಿ ಅಳೆಯುತ್ತದೆ, ಶುರುವಿನ ಕಾಲು ಭಾಗ ಮತ್ತು ಕೊನೆಯ ಕಾಲು ಭಾಗದಲ್ಲಿ ಅಷ್ಟು ಭರವಸೆ ಇಲ್ಲ. ಡಬ್ಬಿ ಮೇಲೆ "3-2-3" ಅಂತ ಬರೆದಿರುವುದನ್ನು ನೋಡಿದರೆ ಅರ್ಥ ಇದೇ: ಎರಡು ತುದಿಯಲ್ಲಿ 3 ಪರ್ಸೆಂಟ್, ನಡುವೆ 2 ಪರ್ಸೆಂಟ್. ಆದ್ದರಿಂದ ಚೀಟಿಯಲ್ಲಿರುವ ನಿಮ್ಮ ನಂಬರ್ ಗೇಜಿನ ನಡುಭಾಗಕ್ಕೆ ಬರಬೇಕು.

ಕಾರು, ಬೈಕ್, ಸ್ಕೂಟರ್‌ಗೆ 0ಯಿಂದ 60ರದ್ದು ಸಾಕು. ಲಾರಿ ಇದ್ದವರಿಗೆ ಬೇರೆ ಗೇಜೇ ಬೇಕು, ಅಲ್ಲಿ ಒತ್ತಡ 100 ದಾಟುತ್ತದೆ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರಕ್ಕೆ 12, 14, 16ರ ಆಸುಪಾಸು ಸಾಕಾಗುತ್ತದೆ, ಅದಕ್ಕೆ 0ಯಿಂದ 30ರ ಗೇಜ್ ಹುಡುಕಿ. ಕಾರಿನ ಗೇಜ್ ಅಲ್ಲಿ ಮುಳ್ಳನ್ನು ಮೂಲೆಯಲ್ಲೇ ಇಟ್ಟಿರುತ್ತದೆ.

60ರ ಮುಳ್ಳಿನ ಗೇಜನ್ನು ಲಾರಿ ಟೈರಿಗೆ ಒಂದೇ ಒಂದು ಸಲ ಕೂಡ ಚುಚ್ಚಬೇಡಿ. ಯಾರಾದರೂ ಕೇಳಿದರೂ ಕೊಡಬೇಡಿ. ಅದರೊಳಗೆ ಬಳೆಯಂತೆ ಬಾಗಿದ ಒಂದು ತೆಳು ಲೋಹದ ಕೊಳವೆ ಇರುತ್ತದೆ. ಗಾಳಿ ನುಗ್ಗಿದಾಗ ಅದು ಸ್ವಲ್ಪ ಬಿಚ್ಚಿಕೊಂಡು ಮುಳ್ಳನ್ನು ತಳ್ಳುತ್ತದೆ. ಮಿತಿ ಮೀರಿ ಬಿಚ್ಚಿಕೊಂಡರೆ ವಾಪಸ್ ಮೊದಲಿನ ಹಾಗೆ ಬಾಗುವುದಿಲ್ಲ. ಅಲ್ಲಿಂದ ಮುಂದೆ ಆ ಗೇಜ್ ಹೇಳುವುದೆಲ್ಲ ಸುಳ್ಳು.

## ಹಂತ 3: ಡಿಜಿಟಲ್ಲಾ, ಮುಳ್ಳಿನದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಗೇಜ್ ಕೊಳ್ಳುವುದಾದರೆ, ಪೈಪ್ ಇರುವ 0-60ರ ಮುಳ್ಳಿನದು. ಕಣ್ಣು ಮಂಜಾಗಿದ್ದರೆ ಅಥವಾ ಹೆಚ್ಚಾಗಿ ಕತ್ತಲಲ್ಲಿ ನೋಡುವವರಾದರೆ ಡಿಜಿಟಲ್. ಇಷ್ಟೇ. ನಿಖರತೆಗೋಸ್ಕರ ಅಂತ ಡಿಜಿಟಲ್ ಕೊಳ್ಳಬೇಡಿ, ಏಕೆಂದರೆ ಚೆನ್ನಾಗಿರುವ ಎರಡರ ನಡುವೆ ದೊಡ್ಡ ವ್ಯತ್ಯಾಸ ಇರುವುದಿಲ್ಲ.

ಡಿಜಿಟಲ್‌ನ ಮೋಸ ಅದರ ಚುಕ್ಕಿಯ ಮುಂದಿನ ಅಂಕಿಯಲ್ಲಿದೆ. ಪರದೆ ಮೇಲೆ 31.5 ಅಂತ ಬಂದ ತಕ್ಷಣ ನಾವು ನಂಬಿಬಿಡುತ್ತೇವೆ, ಅಲ್ವಾ? ಅರ್ಧ ಪಾಯಿಂಟ್ (ಅಂದರೆ ಅರ್ಧ ಪಿಎಸ್‌ಐ) ತೋರಿಸುವುದು ಬೇರೆ, ಅರ್ಧ ಪಾಯಿಂಟ್ ಸರಿಯಾಗಿ ಅಳೆಯುವುದು ಬೇರೆ. 31.5 ತೋರಿಸುವ ಯಂತ್ರದ ಚೀಟಿಯಲ್ಲೇ "1 ಪಿಎಸ್‌ಐ ಆಚೀಚೆ" ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಚೀಟಿಯಲ್ಲಿ ನಿಖರತೆಯ ಸಾಲೇ ಇಲ್ಲ, ಬರೀ 0.1 ತೋರಿಸುತ್ತದೆ ಅಂತ ಇದ್ದರೆ ಕೆಳಗಿಡಿ.

ಡಿಜಿಟಲ್‌ನ ಇನ್ನೊಂದು ತಲೆನೋವು ಸೆಲ್. ನಾಣ್ಯದಂಥ ಸಿಆರ್2032 ಸೆಲ್ ಇರುವುದನ್ನು ಆರಿಸಿ, ಅದು ಎಲ್ಲ ಕಡೆ ಸಿಗುತ್ತದೆ. ಸೆಲ್ ಬದಲಾಯಿಸಲು ಆಗದಂತೆ ಮುಚ್ಚಿರುವ ಗೇಜ್ ಬೇಡ. ಸೆಲ್ ಸಾಯುವ ಹೊತ್ತಿಗೆ ಕೆಲವು ಗೇಜುಗಳು ಏನೇನೋ ನಂಬರ್ ತೋರಿಸುತ್ತವೆ. ಅಕ್ಷರ ಮಸುಕಾದರೆ ರೀಡಿಂಗ್ ನಂಬಬೇಡಿ.

ಮುಳ್ಳಿನದರ ಶತ್ರು ನೆಲ. ಸೊಂಟದ ಎತ್ತರದಿಂದ ಒಂದು ಸಲ ಕಾಂಕ್ರೀಟ್ ಮೇಲೆ ಬಿದ್ದರೆ ಒಳಗಿನ ಸಣ್ಣ ಹಲ್ಲುಚಕ್ರ ಜಾರಬಹುದು. ಹೊರಗೆ ಒಂದು ಗೀರೂ ಇರುವುದಿಲ್ಲ. ಅದಕ್ಕೇ ಸುತ್ತ ರಬ್ಬರ್ ಕವಚ ಇರುವುದನ್ನೇ ತಗೊಳ್ಳಿ. ಡಯಲ್ ದೊಡ್ಡದಾದಷ್ಟೂ ಒಳ್ಳೆಯದು, ಒಂದೊಂದು ಪಿಎಸ್‌ಐಗೂ ಗೆರೆ ಇರಬೇಕು. ಐದೈದಕ್ಕೆ ಗೆರೆ ಇದ್ದರೆ ನಡುವಿನದೆಲ್ಲ ಅಂದಾಜು.

ಡಯಲ್ ಒಳಗೆ ಗ್ಲಿಸರಿನ್ ತುಂಬಿದ ಗೇಜುಗಳೂ ಇವೆ, ಎಣ್ಣೆಯೊಳಗೆ ಮುಳ್ಳು ತೇಲಿದಂತೆ ಕಾಣುತ್ತದೆ. ಕಂಪ್ರೆಸರ್ ಅದುರುವ ಜಾಗಕ್ಕೆ ಅದು ಸರಿ. ಮನೆಗೆ ಬೇಕಿಲ್ಲ. ಬಿಸಿಯಾದಾಗ ಒಳಗಿನ ದ್ರವ ಹಿಗ್ಗಿ ರೀಡಿಂಗ್ ಸ್ವಲ್ಪ ಆಚೀಚೆ ಆಗುತ್ತದೆ.

ಪೆನ್ನಿನಂತೆ ಇದ್ದು ಬಿಳಿ ಕಡ್ಡಿ ಹೊರಗೆ ಬರುವ ಗೇಜ್ ಅಗ್ಗ, ಜೇಬಲ್ಲಿ ಕೂರುತ್ತದೆ, ಸೆಲ್ ಬೇಡ. ಸ್ಟೆಪ್ನಿ ಪಕ್ಕ ಒಂದು ಬಿದ್ದಿರಲಿ. ಅದನ್ನೇ ಮುಖ್ಯ ಗೇಜ್ ಮಾಡಿಕೊಳ್ಳಬೇಡಿ. ಕಡ್ಡಿಗೆ ಧೂಳು ಮೆತ್ತಿದರೆ ಪೂರ್ತಿ ಹೊರಗೆ ಬರುವುದಿಲ್ಲ.

## ಹಂತ 4: ಮೂತಿ ನೋಡಿ

ಗೇಜ್ ಎಷ್ಟೇ ಒಳ್ಳೆಯದಿರಲಿ, ವಾಲ್ವ್ ಮೇಲೆ ಸರಿಯಾಗಿ ಕೂರದಿದ್ದರೆ ಪ್ರಯೋಜನವಿಲ್ಲ. ಸ್ಕೂಟರಿನ ಸಣ್ಣ ಚಕ್ರದಲ್ಲಿ ನೆಟ್ಟಗಿರುವ ಗೇಜ್ ತೂರುವುದೇ ಇಲ್ಲ, ಬೈಕಿನಲ್ಲಿ ಡಿಸ್ಕ್ ಅಡ್ಡ ಬರುತ್ತದೆ. ಒಂದು ಗೇಣು ಪೈಪ್ ಇದ್ದು, ಮೂತಿ ಓರೆಯಾಗಿರುವುದು ಎಲ್ಲದಕ್ಕೂ ಆಗುತ್ತದೆ. ಮೂತಿ ಹಿತ್ತಾಳೆಯದಿರಲಿ, ಒಳಗಿನ ರಬ್ಬರ್ ವಾಷರ್ ಬದಲಾಯಿಸಲು ಬರುವಂತಿರಲಿ.

ಗಾಳಿ ಬಿಡುವ ಬಟನ್ ಇದ್ದರೆ ಬಿಡಬೇಡಿ, ತಗೊಳ್ಳಿ. ಗೇಜ್ ತೆಗೆಯದೆಯೇ ಜಾಸ್ತಿ ಇರುವ ಗಾಳಿಯನ್ನು ಒಂದೊಂದೇ ಪಾಯಿಂಟ್ ಇಳಿಸಬಹುದು.

## ಹಂತ 5: ಅಂಗಡಿಯ ಕೌಂಟರ್ ಮೇಲೆ ಎರಡು ನಿಮಿಷ

ಅಂಗಡಿಯವರು "ಡಿಜಿಟಲ್ ತಗೊಳ್ಳಿ ಸಾರ್, ಪಾಯಿಂಟ್ ಸಮೇತ ತೋರ್ಸುತ್ತೆ" ಅನ್ನುತ್ತಾರೆ. ಆಯ್ತಣ್ಣ ಅಂತ ಹೇಳಿ, ಕೈಗೆ ಎರಡು ಮೂರು ಪೀಸ್ ಕೊಡಿ ಅನ್ನಿ.

ಮುಳ್ಳಿನದಾದರೆ ಸುಮ್ನೆ ಇಟ್ಟಾಗ ಮುಳ್ಳು ಸೊನ್ನೆಯ ಮೇಲೆ ಕೂತಿದೆಯಾ ನೋಡಿ. ಇಲ್ಲಿ ಒಂದು ಚಾಲಾಕಿ ಇದೆ. ಕೆಲವು ಗೇಜುಗಳಲ್ಲಿ ಸೊನ್ನೆಯ ಹತ್ತಿರ ಒಂದು ಸಣ್ಣ ಮೊಳೆ ಇರುತ್ತದೆ, ಮುಳ್ಳು ಅದಕ್ಕೆ ಒರಗಿಕೊಂಡಿರುತ್ತದೆ. ಒಳಗಿನ ಕೊಳವೆ ಸೊನ್ನೆಗಿಂತ ಕೆಳಗೆ ಹೋಗಿದ್ದರೂ ಮೊಳೆ ತಡೆಯುವುದರಿಂದ ನಮಗೆ ಸೊನ್ನೆಯೇ ಕಾಣುತ್ತದೆ. ಸಾಧ್ಯವಾದರೆ ಆ ಮೊಳೆ ಇಲ್ಲದ, ಮುಳ್ಳು ತಾನಾಗಿ ಸೊನ್ನೆಗೆ ಬಂದು ನಿಲ್ಲುವ ಗೇಜ್ ಆರಿಸಿ. ಸೊನ್ನೆ ತಪ್ಪಿದರೆ ಅದು ಕಣ್ಣಿಗೇ ಹೇಳುತ್ತದೆ.

ಆಮೇಲೆ ಹೊರಗೆ ನಿಂತಿರುವ ನಿಮ್ಮದೇ ಗಾಡಿಯ ಒಂದೇ ಚಕ್ರಕ್ಕೆ ಮೂರೂ ಪೀಸ್ ಇಟ್ಟು ನೋಡಿ. ಎರಡು ಒಂದೇ ಹೇಳಿ ಒಂದು ಬೇರೆ ಹೇಳಿದರೆ ಆ ಒಂದನ್ನು ವಾಪಸ್ ಕೊಡಿ. ಮೂರೂ ಬೇರೆ ಬೇರೆ ಹೇಳಿದರೆ ಆ ಮಾಡೆಲ್ಲೇ ಬೇಡ. ಟೈರ್ ಆಗ ಬಿಸಿ ಇರುತ್ತದೆ, ಪರವಾಗಿಲ್ಲ. ಇಲ್ಲಿ ಹುಡುಕುತ್ತಿರುವುದು ಸರಿಯಾದ ನಂಬರ್ ಅಲ್ಲ, ಪೀಸುಗಳು ಒಂದಕ್ಕೊಂದು ಒಪ್ಪುತ್ತವಾ ಅನ್ನುವುದು. ಆನ್‌ಲೈನ್‌ನಲ್ಲಿ ತರಿಸುವವರಿಗೆ ಈ ಅವಕಾಶ ಇಲ್ಲ, ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ ಮುಂದಿನ ಹಂತ ಮಾಡಿ ಮುಗಿಸಿ.

## ಹಂತ 6: ಮನೆಯಲ್ಲಿ ಪರೀಕ್ಷೆ

ಇದನ್ನು ಬಿಟ್ಟರೆ ಮೇಲಿನದೆಲ್ಲ ದಂಡ.

ಮೊದಲನೆಯದು, ಒಂದೇ ಮಾತು ಹೇಳುತ್ತದಾ? ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಒಂದೇ ಚಕ್ರಕ್ಕೆ ಐದು ಸಲ ಗೇಜ್ ಇಟ್ಟು ಐದೂ ನಂಬರ್ ಬರೆಯಿರಿ. ಪ್ರತಿ ಸಲವೂ ಚೂರು ಗಾಳಿ ಹೋಗುವುದರಿಂದ ನಿಧಾನವಾಗಿ ಇಳಿಯುವುದು ಸಹಜ: 32, 32, 31.5, 31.5, 31.5. ಇದು ಒಳ್ಳೆಯ ಗೇಜ್. 32, 29.5, 33, 31, 32.5 ಅಂತ ಬಂದರೆ ಒಂದೋ ನಿಮ್ಮ ಕೈ ಓರೆ ಹಿಡಿಯುತ್ತಿದೆ, ಇಲ್ಲವೇ ಗೇಜೇ ಸರಿಯಿಲ್ಲ. ಕೈ ನೆಟ್ಟಗೆ ಹಿಡಿದು ಇನ್ನೊಮ್ಮೆ ಮಾಡಿ. ಆಗಲೂ ಕುಣಿದರೆ ವಾಪಸ್ ಕಳಿಸಿ. ಸದಾ 1 ಪಾಯಿಂಟ್ ಜಾಸ್ತಿ ತೋರಿಸುವ ಗೇಜ್ ಜೊತೆ ಬಾಳಬಹುದು, ದಿನಕ್ಕೊಂದು ಹೇಳುವುದರ ಜೊತೆ ಆಗುವುದಿಲ್ಲ.

ಎರಡನೆಯದು, ನಂಬಬಹುದಾದ ಇನ್ನೊಂದು ಗೇಜ್ ಜೊತೆ ಹೋಲಿಕೆ. ಕ್ಯಾಲಿಬ್ರೇಶನ್ (ಸರಿಯಾದ ಅಳತೆಯ ಉಪಕರಣಕ್ಕೆ ಹೋಲಿಸಿ ಪರೀಕ್ಷೆ) ಮಾಡಿಸಿದ ಗೇಜ್ ಇಟ್ಟುಕೊಂಡಿರುವ ಟೈರ್ ಶೋರೂಮ್ ಅಥವಾ ವರ್ಕ್‌ಶಾಪ್ ಹುಡುಕಿ. "ಇದರ ಸರ್ಟಿಫಿಕೇಟ್ ಯಾವ ತಿಂಗಳದ್ದು?" ಅಂತ ಕೇಳಿ, ಸಂಕೋಚ ಬೇಡ. ವಸಂತನರಸಾಪುರದ ಕಾರ್ಖಾನೆಯಲ್ಲೋ ಪೀಣ್ಯದಲ್ಲೋ ಕೆಲಸ ಮಾಡುವ ನೆಂಟರಿದ್ದರೆ ಅವರ ಕ್ವಾಲಿಟಿ ವಿಭಾಗದವರಿಗೆ ಇದು ಎರಡು ನಿಮಿಷದ ಕೆಲಸ. ಬಂಕ್‌ನ ಗೇಜ್ ಜೊತೆ ಹೋಲಿಸಿ ನಿಮ್ಮದು ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಅದು ದಿನಕ್ಕೆ ಎಷ್ಟು ಸಲ ನೆಲಕ್ಕೆ ಬೀಳುತ್ತದೆ ಅಂತ ನೀವೇ ನೋಡಿದ್ದೀರಿ.

ಹೋಲಿಸುವಾಗ ಕ್ರಮ ಹೀಗಿರಲಿ: ನಿಮ್ಮದು, ಅವರದು, ಮತ್ತೆ ನಿಮ್ಮದು. ನಿಮ್ಮ ಎರಡು ರೀಡಿಂಗಿನ ಸರಾಸರಿಯನ್ನು ಅವರದಕ್ಕೆ ಹೋಲಿಸಿ. ಇಡುವಾಗ ಸೋರಿದ ಗಾಳಿಯ ಲೆಕ್ಕ ಹೀಗೆ ಸರಿಹೋಗುತ್ತದೆ. ಸ್ಕೂಟರ್ ಟೈರಲ್ಲಿ ಇರುವ ಗಾಳಿಯೇ ಕಡಿಮೆ, ಎರಡು ಸಲ ಪುಸ್ ಅಂದರೆ ಅರ್ಧ ಪಾಯಿಂಟ್ ಇಳಿದಿರುತ್ತದೆ. ಹಾಗಾಗಿ ಈ ಪರೀಕ್ಷೆಗೆ ಕಾರಿನ ಟೈರೇ ಒಳ್ಳೆಯದು.

ಇದನ್ನು ಎರಡು ಒತ್ತಡದಲ್ಲಿ ಮಾಡಿ, ಒಂದು 22ರ ಹತ್ತಿರ, ಇನ್ನೊಂದು 35ರ ಹತ್ತಿರ. ಪಂಪ್ ಬೇಕು ಅಂದದ್ದು ಇದಕ್ಕೇ. ಎರಡೂ ಕಡೆ 1 ಪಾಯಿಂಟ್ ಜಾಸ್ತಿ ತೋರಿಸಿದರೆ ಚಿಂತೆಯಿಲ್ಲ, "1 ಕಳೆ" ಅಂತ ಬಿಳಿ ಸ್ಟಿಕರ್ ಮೇಲೆ ಬರೆದು ದಿನಾಂಕ ಹಾಕಿ ಗೇಜಿನ ಬೆನ್ನಿಗೆ ಅಂಟಿಸಿ. 22ರಲ್ಲಿ ಸರಿ ಇದ್ದು 35ರಲ್ಲಿ 3 ತಪ್ಪಿದರೆ ಅದಕ್ಕೆ ಸ್ಟಿಕರ್ ಮದ್ದಲ್ಲ, ಬಿಟ್ಟುಬಿಡಿ. ಪರೀಕ್ಷೆ ಮುಗಿದ ಮೇಲೆ ಟೈರಿಗೆ ಬೇಕಾದಷ್ಟು ಗಾಳಿ ತುಂಬಿಸುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತು 22ರಲ್ಲೇ ಗುಬ್ಬಿ ತನಕ ಹೋಗಿದ್ದೇನೆ.

ಪಂಪಿನಲ್ಲೇ ಇರುವ ಗೇಜ್ ಓಡುತ್ತಿರುವಾಗ ಜಾಸ್ತಿ ತೋರಿಸುತ್ತದೆ. ಪೈಪಿನೊಳಗೆ ನುಗ್ಗುವ ಗಾಳಿಯ ಒತ್ತಡ ಅದು. ನಿಲ್ಲಿಸಿ, ಹತ್ತು ಎಣಿಸಿ, ನಿಮ್ಮ ಗೇಜ್ ಇಟ್ಟು ನೋಡಿ.

## ಹಂತ 7: ಅಳೆಯುವ ಕ್ರಮ

ಟೈರ್ ತಣ್ಣಗಿರಬೇಕು. ಗಾಡಿ ನಿಂತು ಮೂರು ಗಂಟೆ ಆಗಿರಬೇಕು, ಅಥವಾ ಒಂದೂವರೆ ಕಿಲೋಮೀಟರ್ ಒಳಗೆ ಓಡಿರಬೇಕು. ಸ್ಟಿಕರ್ ಮೇಲಿನ ನಂಬರ್ ತಣ್ಣಗಿನ ಟೈರಿನದು.

ಹವೆ 5ರಿಂದ 6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಬೆಳಿಗ್ಗೆ 21 ಇದ್ದದ್ದು ಮಧ್ಯಾಹ್ನ 36 ಆದರೆ, ಗಾಡಿ ಅಲ್ಲಾಡದೆ ನಿಂತಿದ್ದರೂ ಎರಡೂವರೆ ಪಾಯಿಂಟ್ ಜಾಸ್ತಿ. ಬೆಂಗಳೂರಿಂದ ಸುಮಾರು 70 ಕಿಲೋಮೀಟರ್ ಹೈವೇಯಲ್ಲಿ ಓಡಿಸಿಕೊಂಡು ಬಂದಿದ್ದರೆ ಇನ್ನೂ ಜಾಸ್ತಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿ, ಹಾಗೇ ಗಾಳಿ ನೋಡಿ, "ಅಯ್ಯೋ 37 ಇದೆ" ಅಂತ ಗಾಳಿ ಬಿಟ್ಟು 32ಕ್ಕೆ ಇಳಿಸಿದರೆ ಮಾರನೇ ಬೆಳಿಗ್ಗೆ 28ರ ಆಸುಪಾಸು ಇರುತ್ತದೆ. ಬಿಸಿ ಟೈರಿಂದ ಗಾಳಿ ಬಿಡಬೇಡಿ. ನೈಟ್ರೋಜನ್ ತುಂಬಿಸಿದ್ದೇವೆ ಅಂದರೂ ಇದೇ ಲೆಕ್ಕ. ಒಂದು ಪಕ್ಕ ಬಿಸಿಲು, ಒಂದು ಪಕ್ಕ ನೆರಳು ಬಿದ್ದಿದ್ದರೂ ಎರಡು ಕಡೆಯ ರೀಡಿಂಗ್ ಬೇರೆ ಆಗುತ್ತದೆ.

ವಾಲ್ವ್ ಕ್ಯಾಪ್ ತೆಗೆದು ಜೇಬಿಗೆ ಹಾಕಿ, ನೆಲದ ಮೇಲಿಟ್ಟರೆ ಕಳೆದುಹೋಗುತ್ತದೆ. ವಾಲ್ವ್ ಬಾಯಿ ಒರೆಸಿ. ಶಿರಾ, ಪಾವಗಡದ ಕಡೆ ಧೂಳಿನ ದಾರಿಯಲ್ಲಿ ಓಡಿಸಿದ್ದರೆ ಒಳಗಿನ ಪಿನ್ನನ್ನು ಒಂದು ಕ್ಷಣ ಒತ್ತಿ ಧೂಳು ಹಾರಿಸಿ, ಆಮೇಲೆ ಗೇಜ್ ಇಡಿ. ಡಿಜಿಟಲ್ ಆದರೆ ವಾಲ್ವ್‌ಗೆ ಇಡುವ ಮುಂಚೆಯೇ ಆನ್ ಮಾಡಿ, ಸೊನ್ನೆ ಬರಲಿ. ಕೆಲವು ಗೇಜುಗಳು ಆನ್ ಆಗುವಾಗ ಇರುವ ಒತ್ತಡವನ್ನೇ ಸೊನ್ನೆ ಅಂದುಕೊಳ್ಳುತ್ತವೆ.

ಮೂತಿಯನ್ನು ನೆಟ್ಟಗೆ, ಒಂದೇ ಸಲಕ್ಕೆ ಒತ್ತಿ. ಪುಸ್ ಅಂತ ಒಂದು ಕ್ಷಣ ಕೇಳಿ ನಿಲ್ಲಬೇಕು. ಸದ್ದು ನಿಲ್ಲದಿದ್ದರೆ ಆ ರೀಡಿಂಗ್ ಲೆಕ್ಕಕ್ಕಿಲ್ಲ. ಮುಳ್ಳನ್ನು ಎದುರಿನಿಂದ ನೋಡಿ. ಬಗ್ಗಲಾರದೆ ಮೇಲಿಂದ ಓರೆಯಾಗಿ ನೋಡಿದರೆ ಒಂದು ಪಾಯಿಂಟ್ ಸುಲಭವಾಗಿ ತಪ್ಪುತ್ತದೆ. ಎರಡು ಸಲ ಅಳೆದು, ಒಂದೇ ಬಂದರೆ ಬರೆದುಕೊಳ್ಳಿ. ಕೊನೆಗೆ ವಾಲ್ವ್ ಬಾಯಿಗೆ ಒಂದು ತೊಟ್ಟು ಸೋಪಿನ ನೀರು ಹಾಕಿ, ಗುಳ್ಳೆ ಬರದಿದ್ದರೆ ಒರೆಸಿ ಕ್ಯಾಪ್ ಹಾಕಿ. ಸ್ಟೆಪ್ನಿಯನ್ನೂ ನೋಡಿ.

ಟ್ರ್ಯಾಕ್ಟರ್ ಇರುವವರಿಗೆ ಒಂದು ಮಾತು. ಹಿಂದಿನ ಚಕ್ರಕ್ಕೆ ಭಾರಕ್ಕೆ ಅಂತ ನೀರು ತುಂಬಿಸಿದ್ದರೆ, ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿ, ಆಮೇಲೆ ಅಳೆಯಿರಿ. ನಮ್ಮ ಮಾವ ವಾಲ್ವ್ ಕೆಳಗಿದ್ದಾಗಲೇ ನನ್ನ ಗೇಜ್ ಚುಚ್ಚಿದರು. ಪಿಚಕಾರಿಯಂತೆ ತುಕ್ಕು ಬಣ್ಣದ ನೀರು ಅವರ ಪಂಚೆಗೆ ಹಾರಿತು, ಡಯಲ್ ಗಾಜಿನ ಒಳಗೂ ನಾಲ್ಕು ಹನಿ ಕೂತವು. "ಏನಯ್ಯಾ ನಿನ್ನ ಮೀಟರು ಅಳ್ತಾ ಇದೆ" ಅಂದರು. ಆ ಗೇಜ್ ಮತ್ತೆ ಸೊನ್ನೆಗೆ ಬರಲಿಲ್ಲ.

## ಹಂತ 8: ಗೇಜ್ ಕೈಕೊಡುತ್ತಿದೆ ಅನ್ನುವ ಸೂಚನೆ

ಮುಳ್ಳು ಸೊನ್ನೆಗೆ ಮರಳದಿರುವುದು, ಮೇಲೇರುವಾಗ ತಡೆತಡೆದು ಜಿಗಿಯುವುದು, ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ನಂಬರ್ ಬದಲಾಗುವುದು, ಗಾಜಿನ ಒಳಗೆ ತೇವ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಆರನೇ ಹಂತ ಮತ್ತೆ ಮಾಡಿ. ಮೂತಿಯಲ್ಲಿ ಪ್ರತಿ ಸಲ ಸೋರುತ್ತಿದ್ದರೆ ಮೊದಲು ವಾಷರ್ ಬದಲಾಯಿಸಿ, ಗೇಜನ್ನು ಬೈಯುವುದು ಆಮೇಲೆ. ನಾಲ್ಕೂ ಟೈರ್ ಒಟ್ಟಿಗೆ ಒಂದೇ ರಾತ್ರಿ 4 ಪಾಯಿಂಟ್ ಇಳಿದಂತೆ ಕಂಡರೆ ಟೈರುಗಳನ್ನು ಅನುಮಾನಿಸಬೇಡಿ, ಗೇಜನ್ನು ಅನುಮಾನಿಸಿ. ಒಂದೇ ಟೈರ್ ಇಳಿದಿದ್ದರೆ ಅದು ಪಂಕ್ಚರ್ ಇರಬಹುದು.

ಕಾರಲ್ಲಿ ಟೈರ್ ಒತ್ತಡದ ದೀಪ ಇದೆಯಲ್ಲ, ಗೇಜ್ ಯಾಕೆ ಅಂತ ಕೇಳುವವರಿದ್ದಾರೆ. ಆ ದೀಪ ಹೊತ್ತುವುದು ಗಾಳಿ ಸಾಕಷ್ಟು ಇಳಿದ ಮೇಲೆ.

ಗೇಜನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಟೂಲ್ ಬಾಕ್ಸಿನಲ್ಲಿ ಜಾಕ್ ಜೊತೆ ಕುಲುಕಾಡಲೂ ಬಿಡಬೇಡಿ. ಹಳೆಯ ಕಾಲುಚೀಲದಲ್ಲಿ ಸುತ್ತಿ ಸೀಟಿನ ಕೆಳಗಿಟ್ಟರೆ ಸಾಕು, ನಾನು ಹಾಗೇ ಇಡುತ್ತೇನೆ. ವರ್ಷಕ್ಕೊಮ್ಮೆ ಹೋಲಿಕೆ ಮಾಡಿಸಿ ಸ್ಟಿಕರಿನ ದಿನಾಂಕ ಬದಲಾಯಿಸಿ. ಕೆಳಗೆ ಬಿದ್ದರೆ ವರ್ಷ ಕಾಯಬೇಡಿ, ಅವತ್ತೇ ಮಾಡಿಸಿ.